ಹಲ್ಲೆಷ್ಟು ಎಂಬುದು ಕೊನೆಯ ಪ್ರಶ್ನೆ

ಪುಣೆಯ ಸೈಕಲ್ ಅಂಗಡಿಗೆ ಹೋಗಿ ಚೈನ್‌ರಿಂಗ್, ಅಂದರೆ ಪೆಡಲಿನ ಬಳಿಯ ಹಲ್ಲುಚಕ್ರ, ಬೇಕು ಎಂದರೆ ಗಲ್ಲಾದ ಹಿಂದಿನವರು ತಲೆ ಎತ್ತದೆ ಕೇಳುವ ಮೊದಲ ಮಾತು ‘ಕಿತಿ ದಾತ್?’ ಎಷ್ಟು ಹಲ್ಲು? ಧಾರವಾಡದಿಂದ ಬಂದು ಕೋಥ್‌ರೂಡಿನಲ್ಲಿ ಮನೆ ಮಾಡಿದ ಹೊಸತರಲ್ಲಿ ನಾನೂ ಎಲ್ಲ ಬಲ್ಲವನಂತೆ ‘ಬತ್ತೀಸ್’ ಎಂದೆ. ಹಣ ಕೊಟ್ಟೆ, ಪೊಟ್ಟಣ ಹಿಡಿದು ಮನೆಗೆ ಬಂದೆ. ಹಳೆಯದನ್ನು ಬಿಚ್ಚಿ ಹೊಸದನ್ನು ಹಿಡಿದು ನೋಡಿದರೆ ಅದು ಮೂವತ್ತೆರಡೂ ಹಲ್ಲು ಕಿಸಿದು ನಕ್ಕಂತೆ ಕಂಡಿತು. ಬೋಲ್ಟಿನ ಒಂದು ತೂತೂ ಹೊಂದುತ್ತಿರಲಿಲ್ಲ.

ತಪ್ಪು ಅಂಗಡಿಯವರದಲ್ಲ. ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿದ್ದೆ, ಅಷ್ಟೇ. ಆದರೆ ಮೌಂಟನ್ ಬೈಕಿಗೆ ಚೈನ್‌ರಿಂಗ್ ಆರಿಸುವಾಗ ಹಲ್ಲಿನ ಲೆಕ್ಕ ಬರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮುಂಚೆ ಕ್ರ್ಯಾಂಕನ್ನು, ಚೈನನ್ನು, ಫ್ರೇಮನ್ನು ಒಂದೊಂದಾಗಿ ವಿಚಾರಿಸಿಕೊಳ್ಳಬೇಕು. ಭಾನುವಾರ ಬೆಳಗಿನ ಜಾವ ಸಿಂಹಗಡದ ಕಡೆ ಹೊರಡುವ ನಮ್ಮ ಕನ್ನಡದವರ ಸಣ್ಣ ಗುಂಪಿನಲ್ಲಿ ಮಳೆಗಾಲ ಮುಗಿದೊಡನೆ ಈ ಮಾತು ಪ್ರತಿವರ್ಷ ಬರುತ್ತದೆ. ಪ್ರತಿವರ್ಷ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ನಿಜಕ್ಕೂ ಸವೆದಿದೆಯೇ?

ಪೆಡಲಿನ ತೋಳಿಗೆ ಕ್ರ್ಯಾಂಕ್ ಎನ್ನುತ್ತಾರೆ. ಅದಕ್ಕೆ ಜೋಡಿಸಿದ, ಚೈನನ್ನು ಎಳೆಯುವ ಮುಂದಿನ ಹಲ್ಲುಚಕ್ರವೇ ಚೈನ್‌ರಿಂಗ್. ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲು ಕ್ಯಾಸೆಟ್. ಇವೆರಡನ್ನೂ ತಿನ್ನುವುದು ಹೆಚ್ಚಾಗಿ ಚೈನು. ಅದರ ಪ್ರತಿ ಕೊಂಡಿಯ ಉದ್ದ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಪಿನ್ನುಗಳು ಒಳಗೊಳಗೇ ಸವೆದಂತೆ ಈ ಅಂತರ ಹಿಗ್ಗುತ್ತದೆ; ಹಿಗ್ಗಿದ ಚೈನು ಹಲ್ಲಿನ ಬುಡದಲ್ಲಿ ಕೂರದೆ ಮೇಲೇರಿ ಹಲ್ಲನ್ನು ಕೊರೆಯುತ್ತದೆ. ಪುಣೆಯ ಸುತ್ತಲಿನ ಕಪ್ಪು ಬಸಾಲ್ಟ್ ಕಲ್ಲಿನ ಪುಡಿ ಮಳೆನೀರಿನಲ್ಲಿ ಕಲಸಿ ಚೈನಿಗೆ ಮೆತ್ತಿಕೊಂಡರೆ ಸಾಣೆ ಹಿಡಿದಂತೆಯೇ. ವೇತಾಳ ಟೇಕಡಿ ಎಂಬ ಇಲ್ಲಿನ ಗುಡ್ಡದ ಕೆಸರಿನಲ್ಲಿ ಒಂದು ಜುಲೈ ಓಡಿಸಿದ ಸೈಕಲ್ಲು, ಬೇಸಿಗೆಯ ಡಾಂಬರಿನಲ್ಲಿ ಇಡೀ ವರ್ಷ ಓಡಿದ್ದಕ್ಕಿಂತ ಮುದಿಯಾಗಿರುತ್ತದೆ. (ನಮ್ಮ ಬೇತಾಳ ಹೆಗಲೇರಿದರೆ ಇಲ್ಲಿನ ವೇತಾಳ ಚೈನಿಗೇರುತ್ತಾನೆ.)

ಆದ್ದರಿಂದ ಮೊದಲು ಚೈನನ್ನು ಅಳೆಯಿರಿ. ಮಕ್ಕಳ ಕಂಪಾಸಿನ ಅಳತೆಪಟ್ಟಿ ಗಿಡ್ಡದಾಗುತ್ತದೆ. ದರ್ಜಿಯ ಟೇಪು ತಾನೇ ಹಿಗ್ಗಿರುತ್ತದೆ. ಹನ್ನೆರಡು ಇಂಚಿಗೂ ಮಿಕ್ಕ ಉದ್ದದ ಉಕ್ಕಿನ ಅಳತೆಪಟ್ಟಿ ಬೇಕು. ಒಂದು ಪಿನ್ನಿನ ನಡುವಿಗೆ ಸೊನ್ನೆಯನ್ನು ಹಿಡಿದರೆ ಹೊಸ ಚೈನಿನಲ್ಲಿ ಇಪ್ಪತ್ನಾಲ್ಕನೆಯ ಕೊಂಡಿಯ ಕೊನೆಯ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಅದು ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಹಿಗ್ಗು ಶೇ 0.5. ಹಿಂದೆ ಹನ್ನೊಂದು, ಹನ್ನೆರಡು ಗೇರಿರುವ ಸೈಕಲ್ಲಿನ ಚೈನನ್ನು ಅಲ್ಲಿಗೇ ತೆಗೆದುಬಿಡಬೇಕು. ಹಳೆಯ ಏಳು, ಎಂಟು ಗೇರಿನದಕ್ಕೆ ಶೇ 0.75ರವರೆಗೆ ಸಲುಗೆ ಕೊಡಬಹುದು. ಎಂಟನೆಯ ಒಂದು ಭಾಗದಷ್ಟು, ಅಂದರೆ ಶೇ 1ರಷ್ಟು, ಹಿಗ್ಗಿದ್ದರೆ ಚೈನಿನ ಜೊತೆ ಕ್ಯಾಸೆಟ್ಟಿಗೂ ಹಣ ಎತ್ತಿಡಿ.

ಇಷ್ಟಾದ ಮೇಲೆ ಚೈನ್‌ರಿಂಗನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು ಒರೆಸಿ ನೋಡಿ. ಆರೋಗ್ಯವಾದ ಹಲ್ಲಿನ ಎರಡು ಇಳಿಜಾರುಗಳೂ ಒಂದೇ ಬಗೆಯಾಗಿರುತ್ತವೆ. ಸವೆದದ್ದು ಒಂದು ಕಡೆ ಗುಳಿಬಿದ್ದು ಶಾರ್ಕ್ ಮೀನಿನ ಬೆನ್ನುರೆಕ್ಕೆಯಂತೆ ಬಾಗಿರುತ್ತದೆ. ಇನ್ನೊಂದು ಲಕ್ಷಣ ಸವಾರಿಯಲ್ಲೇ ತಿಳಿಯುತ್ತದೆ: ಏರಿನಲ್ಲಿ ಒತ್ತಿ ತುಳಿಯುವಾಗ ಚೈನು ಚಕ್ರದ ಕೆಳಗಡೆ ಬಿಟ್ಟುಕೊಳ್ಳದೆ ಹಲ್ಲಿಗೆ ಅಂಟಿ ಮೇಲಕ್ಕೆ ಬಂದು ಫ್ರೇಮಿಗೆ ಸಿಕ್ಕಿಬೀಳುತ್ತದೆ. ಬಣ್ಣ ಕಿತ್ತು, ಅಲ್ಯೂಮಿನಿಯಂ ಕೆರೆದು ಹೋಗುತ್ತದೆ. ಕಾರ್ಬನ್ ಫ್ರೇಮಾಗಿದ್ದರೆ ಆ ಸದ್ದು ಕೇಳಿದವನ ಎದೆ ಝಲ್ಲೆನ್ನುತ್ತದೆ.

ಆದರೆ ಅವಸರ ಬೇಡ. ಮುಂದೆ ಎರಡು ಮೂರು ಹಲ್ಲುಚಕ್ರಗಳಿರುವ ಸೈಕಲ್ಲುಗಳಲ್ಲಿ ಚೈನು ಸಲೀಸಾಗಿ ಹತ್ತಿ ಇಳಿಯಲೆಂದು ಕೆಲವು ಹಲ್ಲುಗಳನ್ನು ಕಾರ್ಖಾನೆಯಲ್ಲೇ ಗಿಡ್ಡ ಮಾಡಿರುತ್ತಾರೆ, ಕೆಲವನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಹೊಚ್ಚಹೊಸ ಚಕ್ರವನ್ನೇ ‘ಸವೆದಿದೆ’ ಎಂದು ವಾಪಸು ಕೊಡಲು ಹೊರಟವರನ್ನು ನಾನು ಕಂಡಿದ್ದೇನೆ.

ಮೂರು ಚಕ್ರಗಳಲ್ಲಿ ಅತಿ ಬೇಗ ಸಾಯುವುದು ಹೆಚ್ಚಾಗಿ ಚಿಕ್ಕದೇ, ಅಥವಾ ಎಲ್ಲರೂ ಸದಾ ಬಳಸುವ ನಡುವಿನದು. ಚಿಕ್ಕದರ ಕತೆ ಕುತೂಹಲದ್ದು. 170 ಮಿಮೀ ಉದ್ದದ ಕ್ರ್ಯಾಂಕಿನ ತುದಿಯಲ್ಲಿ ನೀವು 50 ಕಿಲೋ ಭಾರ ಹೇರಿದಿರಿ ಎನ್ನಿ. 42 ಹಲ್ಲಿನ ಚಕ್ರದ ತ್ರಿಜ್ಯ ಸುಮಾರು 85 ಮಿಮೀ. ಅಲ್ಲಿ ಚೈನಿನ ಎಳೆತ 100 ಕಿಲೋದಷ್ಟಾಗುತ್ತದೆ. 22 ಹಲ್ಲಿನದರ ತ್ರಿಜ್ಯ 44.5 ಮಿಮೀ ಮಾತ್ರ. ಅದೇ ಕಾಲು, ಅದೇ ಭಾರ, ಎಳೆತ ಮಾತ್ರ 190 ಕಿಲೋ. ಅಷ್ಟನ್ನು ಹೊರಲು ಇರುವ ಹಲ್ಲುಗಳು ಅರ್ಧದಷ್ಟು. ಅದಕ್ಕೇ ಚಿಕ್ಕ ಚಕ್ರವನ್ನು ಉಕ್ಕಿನದನ್ನೇ ಕೊಳ್ಳಿ ಎನ್ನುತ್ತೇನೆ. ಅಲ್ಯೂಮಿನಿಯಂನಲ್ಲಿ ಉಳಿಯುವ ಕೆಲವು ಗ್ರಾಂ ತೂಕ ಒಂದು ಲೋಟ ಕಬ್ಬಿನ ಹಾಲಿಗೆ ಸಮವಲ್ಲ.

ತೂತಿನ ಲೆಕ್ಕ

ಈಗ ಕ್ರ್ಯಾಂಕನ್ನು ನೋಡೋಣ. ಮೊದಲಿಗೇ ಒಂದು ಕಹಿ ಸುದ್ದಿ. ಅಗ್ಗದ ಅನೇಕ ಸೈಕಲ್ಲುಗಳಲ್ಲಿ ಮೂರೂ ಚಕ್ರಗಳನ್ನು ಕ್ರ್ಯಾಂಕಿಗೆ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಬೋಲ್ಟಿನ ತಲೆಯಲ್ಲಿ ಕೀಲಿ ತೂರುವ ಆರು ಮೂಲೆಯ ಗುಳಿ ಕಾಣದೆ, ನುಣ್ಣನೆಯ ಲೋಹದ ಗುಂಡಿ ಕಂಡರೆ ಅದು ರಿವೆಟ್. ಆಗ ಒಂದು ಚಕ್ರವನ್ನಷ್ಟೇ ಬದಲಿಸುವ ಮಾತಿಲ್ಲ, ಇಡೀ ಕ್ರ್ಯಾಂಕ್‌ಸೆಟ್ಟೇ ಹೊಸದಾಗಬೇಕು. ಅದನ್ನು ಕೊಳ್ಳುವಾಗ ಈಗಿರುವ ಅಚ್ಚಿನ ಉದ್ದಕ್ಕೆ ಹೊಂದುವುದನ್ನೇ ಆರಿಸಬೇಕು. ಇಲ್ಲದಿದ್ದರೆ ಚಕ್ರ ಫ್ರೇಮಿಗೆ ಉಜ್ಜುತ್ತದೆ, ಇಲ್ಲವೇ ತೀರ ಹೊರಗೆ ಚಾಚಿಕೊಳ್ಳುತ್ತದೆ.

ಬೋಲ್ಟುಗಳಿದ್ದರೆ ಅವುಗಳ ಮಧ್ಯಬಿಂದುಗಳ ಮೇಲೆ ಹಾದುಹೋಗುವ ಒಂದು ವೃತ್ತವನ್ನು ಮನಸ್ಸಿನಲ್ಲೇ ಎಳೆಯಿರಿ. ಆ ವೃತ್ತದ ವ್ಯಾಸಕ್ಕೆ ಬಿಸಿಡಿ ಎಂದು ಹೆಸರು. ನನ್ನ ಮೂವತ್ತೆರಡು ಹಲ್ಲುಗಳನ್ನು ನಗೆಪಾಟಲು ಮಾಡಿದ್ದು ಇದೇ. ಮೌಂಟನ್ ಬೈಕುಗಳಲ್ಲಿ ಬಹುಕಾಲ ನಡೆದುಬಂದದ್ದು ನಾಲ್ಕು ಬೋಲ್ಟಿನ 104 ಮಿಮೀ. ಮೂರು ಚಕ್ರವಿದ್ದರೆ ಒಳಗಿನ ಚಿಕ್ಕದಕ್ಕೆ ಪ್ರತ್ಯೇಕವಾಗಿ 64 ಮಿಮೀ. ಐದು ಬೋಲ್ಟಿನ ಹಳೆಯ ಕ್ರ್ಯಾಂಕುಗಳಲ್ಲಿ 94, 110 ಎಂಬ ಅಳತೆಗಳು ಸಿಗುತ್ತವೆ.

ಕ್ರ್ಯಾಂಕಿನ ಅಚ್ಚು ಅಡ್ಡ ಬರುವುದರಿಂದ ವ್ಯಾಸವನ್ನು ನೇರವಾಗಿ ಅಳೆಯುವುದು ಕಷ್ಟ. ಅಕ್ಕಪಕ್ಕದ ಎರಡು ಬೋಲ್ಟುಗಳ ನಡುವಿನಿಂದ ನಡುವಿಗೆ ಅಳೆದರೆ ಸಾಕು. ನಾಲ್ಕು ಬೋಲ್ಟಿದ್ದರೆ ಬಂದ ಸಂಖ್ಯೆಯನ್ನು 1.414ರಿಂದ ಗುಣಿಸಿ, ಐದಿದ್ದರೆ 1.701ರಿಂದ. 73.5 ಮಿಮೀ ಬಂದರೆ 104, 45.3 ಬಂದರೆ 64. ಐದು ಬೋಲ್ಟಿನಲ್ಲಿ 55.3 ಬಂದರೆ 94, 64.7 ಬಂದರೆ 110. ಹೈಸ್ಕೂಲಿನಲ್ಲಿ ವರ್ಗಮೂಲ ಎರಡನ್ನು ಉರುಹೊಡೆಸಿದ ಗಣಿತದ ಮೇಷ್ಟ್ರಿಗೆ ನಾನು ಕೃತಜ್ಞನಾಗಿದ್ದು ಆವತ್ತೇ.

ಆವತ್ತು ಇನ್ನೊಂದು ಪಾಠವೂ ಆಯಿತು. ನನ್ನ ಕ್ರ್ಯಾಂಕಿನಲ್ಲಿ ಬೋಲ್ಟುಗಳ ಅಂತರ ಎಲ್ಲ ಕಡೆ ಒಂದೇ ಆಗಿರಲಿಲ್ಲ. ಶಿಮಾನೋ ಕಂಪನಿಯ ಎಕ್ಸ್‌ಟಿ ಎಂ8000, ಎಸ್‌ಎಲ್‌ಎಕ್ಸ್ ಎಂ7000 ಪೀಳಿಗೆಯ ಕ್ರ್ಯಾಂಕುಗಳು 96 ಮಿಮೀ ಅಳತೆಯವು. ಅವುಗಳ ನಾಲ್ಕು ತೋಳುಗಳು ಚೌಕದ ಮೂಲೆಗಳಂತೆ ಇರುವುದಿಲ್ಲ, ಎರಡು ಹತ್ತಿರ ಎರಡು ದೂರ. ಒಂದು ಅಂತರವನ್ನಷ್ಟೇ ಅಳೆದು ಗುಣಿಸಿದರೆ ಯಾವ ಪಟ್ಟಿಯಲ್ಲೂ ಇಲ್ಲದ ಸಂಖ್ಯೆ ಬರುತ್ತದೆ. ಎರಡು ಪಕ್ಕಗಳನ್ನು ಅಳೆಯಿರಿ; ಬೇರೆಬೇರೆ ಬಂದರೆ ಕ್ರ್ಯಾಂಕಿನ ಹಿಂಬದಿಯಲ್ಲಿ ಕೊರೆದಿರುವ ಮಾದರಿಯ ಸಂಖ್ಯೆಯನ್ನು ಓದಿ, ಅದಕ್ಕೆಂದೇ ಮಾಡಿದ ಚಕ್ರವನ್ನು ಕೇಳಿ.

ಬಿಸಿಡಿ ತಿಳಿದ ಕೂಡಲೇ ಹಲ್ಲಿನ ಆಯ್ಕೆ ಅರ್ಧಕ್ಕರ್ಧ ತಾನಾಗಿಯೇ ಮುಗಿದಿರುತ್ತದೆ. 104ರ ವೃತ್ತದಲ್ಲಿ ಬೋಲ್ಟು ಕೂರುವುದು ನಡುವಿನಿಂದ 52 ಮಿಮೀ ದೂರದಲ್ಲಿ. 32 ಹಲ್ಲಿನ ಚಕ್ರದಲ್ಲಿ ಚೈನು ಓಡುವುದು ಸುಮಾರು 65 ಮಿಮೀ ದೂರದಲ್ಲಿ. ನಡುವಿನ 13 ಮಿಮೀ ಜಾಗದಲ್ಲಿ ಬೋಲ್ಟಿನ ತಲೆ, ಅದರ ಸುತ್ತಲಿನ ಲೋಹ, ಚೈನಿನ ಅರ್ಧ ಎತ್ತರ ಎಲ್ಲ ಹಿಡಿಯಬೇಕು. ಹೀಗಾಗಿ 104ಕ್ಕೆ 32ಕ್ಕಿಂತ ಚಿಕ್ಕದು ಸುಲಭವಾಗಿ ಸಿಗುವುದಿಲ್ಲ. ಬೋಲ್ಟಿನ ತಿರುಪುಗೀರುಗಳನ್ನು ಚಕ್ರದಲ್ಲೇ ಕೊರೆದ 30ರವು ಇವೆ, ಆದರೆ ಅವು ಇಕ್ಕಟ್ಟಿನ ಸಂಸಾರ. ಅದಕ್ಕಿಂತಲೂ ಕಡಿಮೆ ಬೇಕೆಂದರೆ ಕ್ರ್ಯಾಂಕ್ ಬದಲಾಗಬೇಕು.

ಹೊಸ ಸೈಕಲ್ಲುಗಳು ಈ ವೃತ್ತದ ತಂಟೆಯನ್ನೇ ಬಿಟ್ಟಿವೆ. ಚಕ್ರ ನೇರವಾಗಿ ಕ್ರ್ಯಾಂಕಿನ ಬುಡಕ್ಕೆ ಕೂರುತ್ತದೆ. ಇದು ಡೈರೆಕ್ಟ್ ಮೌಂಟ್. ಒಂದು ತೊಂದರೆ ಹೋಗಿ ಇನ್ನೊಂದು ಬಂತು: ಪ್ರತಿ ಕಂಪನಿಯದೂ ಅದರದೇ ಬುಡ. ಸ್ರ್ಯಾಮ್‌ನದು ಮೂರು ಬೋಲ್ಟು, ಅದರ ಹೊಸ ಟ್ರಾನ್ಸ್‌ಮಿಷನ್ ಸರಣಿಯದು ಎಂಟು. ಶಿಮಾನೋದ ಹನ್ನೆರಡು ಗೇರಿನದು ಗೀರುಗಳಿರುವ ಬುಡದ ಮೇಲೆ ಬಿಗಿಯುವ ಉಂಗುರ. ರೇಸ್ ಫೇಸ್‌ನ ಸಿಂಚ್ ಬೇರೆಯೇ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ಚೈನು ಯಾವುದು, ದಾರಿ ಯಾವುದು

ಮುಂದೆ ಒಂದೇ ಚಕ್ರವೋ, ಎರಡು ಮೂರೋ ಎಂಬುದರ ಮೇಲೆ ಹಲ್ಲಿನ ಆಕಾರವೇ ಬೇರೆಯಾಗುತ್ತದೆ. ಚೈನನ್ನು ಗಮನಿಸಿ ನೋಡಿ: ಒಂದು ಕೊಂಡಿಯ ಒಳಜಾಗ ಕಿರಿದು, ಮುಂದಿನದು ಅಗಲ, ಮತ್ತೆ ಕಿರಿದು. ಒಂಟಿ ಚಕ್ರಕ್ಕೆಂದೇ ಮಾಡಿದ ಚೈನ್‌ರಿಂಗಿನಲ್ಲಿ ಹಲ್ಲುಗಳೂ ಇದೇ ಲಯದಲ್ಲಿ ಒಂದು ತೆಳು, ಒಂದು ದಪ್ಪ. ಪ್ರತಿ ಕೊಂಡಿ ತುಂಬಿಕೊಂಡು ಕೂರುವುದರಿಂದ ಕಲ್ಲುಗುಂಡಿಯಲ್ಲಿ ಸೈಕಲ್ಲು ಕುಣಿದರೂ ಚೈನು ಕಳಚುವುದಿಲ್ಲ. ಇದಕ್ಕೆ ನ್ಯಾರೋ-ವೈಡ್ ಎನ್ನುತ್ತಾರೆ. 2012ರಲ್ಲಿ ಸ್ರ್ಯಾಮ್ ತನ್ನ ಎಕ್ಸ್‌ಎಕ್ಸ್1 ಜೊತೆ ತಂದಮೇಲೆ ಇದು ಮನೆಮಾತಾಯಿತು. ಲಯ ತಪ್ಪದಿರಲು ಹಲ್ಲುಗಳ ಸಂಖ್ಯೆ ಸರಿಸಂಖ್ಯೆಯೇ ಆಗಿರಬೇಕು. ಚೈನು ಹಾಕುವಾಗ ಒಂದು ಹಲ್ಲು ತಪ್ಪಿದರೆ ದಪ್ಪ ಹಲ್ಲಿನ ಮೇಲೆ ಕಿರಿದಾದ ಕೊಂಡಿ ಕೂರಲಾರದೆ ಚೈನು ಮೇಲೆದ್ದು ನಿಲ್ಲುತ್ತದೆ. ಹೊಸಬರು ‘ಚಕ್ರ ಕೆಟ್ಟದ್ದು’ ಎಂದು ಹೌಹಾರುವುದು ಇಲ್ಲೇ.

ಚೈನನ್ನು ಬಿಡದೆ ಹಿಡಿಯುವ ಈ ಗುಣವೇ, ಮುಂದೆ ಗೇರ್ ಬದಲಿಸುವವರಿಗೆ ಶತ್ರು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್ ಮುಂದೆ ಇನ್ನೂ ಇದ್ದರೆ ನ್ಯಾರೋ-ವೈಡ್ ಬೇಡ. ಹಾಗೆಯೇ, ಮೂರು ಚಕ್ರಗಳ ಜೋಡಿಯಲ್ಲಿ ಒಂದನ್ನು ಬದಲಿಸುವಾಗ ಉಳಿದವುಗಳ ಗೇರ್ ಪೀಳಿಗೆಗೇ ಸೇರಿದ್ದನ್ನು ಹುಡುಕಿ. ಎಂಟು ಗೇರಿನ ಚೈನಿನ ಹೊರ ಅಗಲ ಸುಮಾರು 7 ಮಿಮೀ, ಹತ್ತರದು 6ಕ್ಕಿಂತ ತುಸು ಕಡಿಮೆ. ಹಳೆಯ ಅಂತರದ ಚಕ್ರಗಳ ನಡುವೆ ತೆಳ್ಳನೆಯ ಚೈನು ಜಾರಿ ಸಿಕ್ಕಿಕೊಳ್ಳಬಹುದು. ಹನ್ನೆರಡು ಗೇರಿನವರು ಪೊಟ್ಟಣದ ಮೇಲೆ ಚೈನಿನ ಹೆಸರು ಹೊಂದುತ್ತದೆಯೇ ಎಂದು ಓದಲೇಬೇಕು. ಶಿಮಾನೋದ ಹೈಪರ್‌ಗ್ಲೈಡ್ ಪ್ಲಸ್ ಚೈನಿನ ಒಳಹಲಗೆಗಳ ಆಕಾರವೇ ಬೇರೆ, ಸ್ರ್ಯಾಮ್ ಟ್ರಾನ್ಸ್‌ಮಿಷನ್‌ನ ಚೈನಿನ ಬೆನ್ನು ಚಪ್ಪಟೆ.

ಇನ್ನು ಚೈನ್‌ಲೈನ್. ಸೈಕಲ್ಲಿನ ನಟ್ಟನಡುವಿನಿಂದ ಚಕ್ರದ ಹಲ್ಲು ಎಷ್ಟು ಹೊರಗಿದೆ ಎಂಬುದು ಇದು. ಒಂಟಿ ಚಕ್ರ ಕ್ಯಾಸೆಟ್ಟಿನ ನಡುಭಾಗಕ್ಕೆ ನೇರವಾಗಿ ನಿಂತರೆ ಚೈನು ಎರಡೂ ತುದಿಗಳಿಗೆ ಸಮವಾಗಿ ಬಾಗುತ್ತದೆ. ಹಿಂಗಾಲಿಯ ಅಚ್ಚು ಅಗಲವಾದ ಬೂಸ್ಟ್ ಫ್ರೇಮುಗಳಿಗೆ ಸಾಮಾನ್ಯವಾಗಿ 52 ಮಿಮೀ, ಕೆಲವಕ್ಕೆ 55. ಹಳೆಯವಕ್ಕೆ 49ರ ಆಸುಪಾಸು. ಡೈರೆಕ್ಟ್ ಮೌಂಟ್ ಚಕ್ರಗಳಲ್ಲಿ ಈ ವ್ಯತ್ಯಾಸವನ್ನು ಚಕ್ರದ ಬಾಗಿನಲ್ಲೇ ತರುತ್ತಾರೆ. ಸ್ರ್ಯಾಮ್‌ನ ಪೊಟ್ಟಣಗಳ ಮೇಲೆ 6 ಮಿಮೀ, 3 ಮಿಮೀ ಎಂದಿರುವುದು ಅದಕ್ಕೇ: ಬೂಸ್ಟ್‌ಗೆ 3, ಹಳೆಯದಕ್ಕೆ 6. ನಿಮ್ಮ ಹಳೆಯ ಚಕ್ರದ ಹಿಂಬದಿಯಲ್ಲಿ ಅದೇ ಸಂಖ್ಯೆ ಬರೆದಿದೆಯೇ ನೋಡಿ, ತಲೆನೋವು ತಪ್ಪುತ್ತದೆ. ಚೈನು ಕ್ಯಾಸೆಟ್ಟಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿದ್ದಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ತಾನಾಗಿ ಕೆಳಗಿಳಿಯುತ್ತಿದ್ದರೆ, ಮುಂದಿನ ಚಕ್ರ ತೀರ ಹೊರಗಿದೆ ಎಂದು ಅನುಮಾನಿಸಬಹುದು.

ಈಗ ಕೇಳಿ: ಕಿತಿ ದಾತ್?

ಕೊನೆಗೂ ಅಂಗಡಿಯವರ ಪ್ರಶ್ನೆಗೆ ಬಂದೆವು. ನನ್ನ ಸೈಕಲ್ಲಿಗೆ 29 ಇಂಚಿನ ಗಾಲಿ, ಒಂದು ಸುತ್ತಿಗೆ ಸುಮಾರು 2.29 ಮೀಟರ್ ಓಡುತ್ತದೆ. ಈಗಿನ ಅನೇಕ ಸೈಕಲ್ಲುಗಳಂತೆ ಹಿಂದೆ 10ರಿಂದ 51 ಹಲ್ಲಿನ ಕ್ಯಾಸೆಟ್ ಇದೆ ಎಂದುಕೊಳ್ಳಿ. ನಿಮಿಷಕ್ಕೆ ಅರವತ್ತು ಸುತ್ತಿನಂತೆ, ಬೆವರು ಸುರಿಸುತ್ತ ಆದರೆ ಉಸಿರು ಕಟ್ಟದೆ ತುಳಿದರೆ, ಅತಿ ಹಗುರ ಗೇರಿನಲ್ಲಿ 34 ಹಲ್ಲಿನ ಚಕ್ರ ಗಂಟೆಗೆ 5.5 ಕಿಮೀ ಒಯ್ಯುತ್ತದೆ, 32ರದು 5.2, 30ರದು 4.85. ಇಳಿಜಾರಿನಲ್ಲಿ, 10ರ ಹಲ್ಲಿಗೆ ಹಾಕಿ ನಿಮಿಷಕ್ಕೆ ತೊಂಬತ್ತು ಸುತ್ತು ತುಳಿದರೆ ಕ್ರಮವಾಗಿ 42, 39.6, 37.

ಈ ಅಂಕಿಗಳನ್ನು ಕಂಡಾಗ ಗುಂಪಿನಲ್ಲಿ ಎಲ್ಲರಿಗೂ ಒಂದು ನಿರಾಸೆ. ಎರಡು ಹಲ್ಲಿಗೆ ಇಷ್ಟೇ ವ್ಯತ್ಯಾಸವೇ? ಹೌದು, ಶೇ 6ರಷ್ಟು. ಆ ಕ್ಯಾಸೆಟ್ಟಿನಲ್ಲಿ 51ರಿಂದ 45ಕ್ಕೆ ಒಂದು ಮೆಟ್ಟಿಲು ಇಳಿದರೆ ಶೇ 13 ಬದಲಾಗುತ್ತದೆ. ಅಂದರೆ ಮುಂದಿನ ಎರಡು ಹಲ್ಲು ಹಿಂದಿನ ಅರ್ಧ ಗೇರಿಗೆ ಸಮ. ಹಾಗಾದರೆ ಯಾಕೆ ತಲೆಕೆಡಿಸಿಕೊಳ್ಳಬೇಕು? ಯಾಕೆಂದರೆ ಆ ಅರ್ಧ ಗೇರು ಬೇಕಾಗುವುದು ಕೊನೆಯ ಗೇರೂ ಮುಗಿದುಹೋದ ಮೇಲೆ. ಸಿಂಹಗಡ ಸಮುದ್ರಮಟ್ಟದಿಂದ ಸುಮಾರು 1,312 ಮೀಟರ್ ಎತ್ತರದಲ್ಲಿದೆ. ಕೋಟೆಯ ವಾಹನದ ದಾರಿಯಲ್ಲಿ ಕೆಲವು ತಿರುವುಗಳು ಸೈಕಲ್ಲನ್ನು ಗೋಡೆಗೆ ನಿಲ್ಲಿಸಿದಂತೆ ಏರುತ್ತವೆ. ಅಂಥಲ್ಲಿ ಇನ್ನೊಂದು ಗೇರಿಗಾಗಿ ಹೆಬ್ಬೆರಳು ತಡಕಾಡುತ್ತದೆ, ಸಿಗುವುದಿಲ್ಲ. ನೀವು ಏರಿನಲ್ಲಿ ಕೊನೆಯ ಗೇರಿನಲ್ಲೇ ನರಳುತ್ತ ಉಳಿಯುತ್ತೀರಾದರೆ ಎರಡು ಹಲ್ಲು ಇಳಿಸಿ. ಆ ಗೇರಿಗೆ ಎಂದೂ ಹೋಗದವರು, ಖಡಕ್‌ವಾಸ್ಲಾ ಅಣೆಕಟ್ಟಿನವರೆಗೆ ಸಮತಟ್ಟಿನಲ್ಲೇ ಓಡಿಸುವವರು, ಏರಿಸಿಕೊಳ್ಳಿ. ನಾನು 30ಕ್ಕೆ ಇಳಿದೆ. ಇಳಿಜಾರಿನಲ್ಲಿ ಗಂಟೆಗೆ 37 ಕಿಮೀ ಮೀರಿದರೆ ನಾನು ಹೇಗೂ ಬ್ರೇಕು ಹಿಡಿಯುವವನು.

ಈ ಲೆಕ್ಕ ಮೂರು ಚಕ್ರದ ಹಳೆಯ ಸೈಕಲ್ಲಿಗೆ ಒಂಟಿ ಚಕ್ರ ಹಾಕಿಸುವ ಹುರುಪಿನವರಿಗೆ ಇನ್ನೂ ಮುಖ್ಯ. ವಿಜಯಪುರದ ಗೆಳೆಯನೊಬ್ಬ ತನ್ನ 42-32-22ರ ಮೂರನ್ನೂ ಬಿಚ್ಚಿಸಿ ಒಂದೇ 32 ಹಾಕಿಸಿಕೊಂಡ. ಹಿಂದೆ ಮೊದಲಿನ 11-32 ಕ್ಯಾಸೆಟ್ಟೇ ಇತ್ತು. ಮೊದಲು ಅವನ ಅತಿ ಹಗುರ ಗೇರು 22ಕ್ಕೆ 32, ಅಂದರೆ 0.69. ಈಗ 32ಕ್ಕೆ 32, ಒಂದಕ್ಕೊಂದು. ಅವನ 27.5 ಇಂಚಿನ ಗಾಲಿಯಲ್ಲಿ ಗಂಟೆಗೆ 5 ಕಿಮೀ ವೇಗದ ಏರಿಗೆ ನಿಮಿಷಕ್ಕೆ ಮೂವತ್ತೊಂಬತ್ತು ಸುತ್ತು. ಅದು ತುಳಿಯುವುದಲ್ಲ, ಬಾವಿಯ ರಾಟೆ ಎಳೆಯುವುದು. ಅವತ್ತು ಅವನು ಸೈಕಲ್ಲನ್ನು ತಳ್ಳಿಕೊಂಡು ಮೇಲೆ ಬರುವಷ್ಟರಲ್ಲಿ ನಾವು ಪಿಠ್ಲ-ಭಾಕರಿ ಮುಗಿಸಿ ಮಡಕೆಯ ಮೊಸರಿಗೆ ಕೈಹಾಕಿದ್ದೆವು. (ಪಿಠ್ಲ ನಮ್ಮ ಜುಣಕದ ಒಡಹುಟ್ಟು, ಯಾರು ಅಣ್ಣ ಯಾರು ತಮ್ಮ ಎಂಬ ವ್ಯಾಜ್ಯ ಪ್ರತಿ ಭಾನುವಾರದ್ದು.) ಹಿಂದೆ ಅಗಲದ ಕ್ಯಾಸೆಟ್ ಹಾಕದೆ ಮುಂದೆ ಒಂಟಿ ಮಾಡುವುದು ಬೇಡ; ಹಾಕಿದರೆ ಅದಕ್ಕೆ ತಕ್ಕ ಉದ್ದನೆಯ ಹಿಂದಿನ ಡಿರೈಲರೂ ಬೇಕಾಗುತ್ತದೆ.

ಮೊಟ್ಟೆಯಾಕಾರದ ಚಕ್ರಗಳ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಾಲಿಗೆ ಬಲವಿರುವ ಘಟ್ಟದಲ್ಲಿ ದೊಡ್ಡ ಚಕ್ರದಂತೆ, ಪೆಡಲು ಮೇಲೆ-ಕೆಳಗೆ ನಿಂತ ಘಟ್ಟದಲ್ಲಿ ಚಿಕ್ಕದರಂತೆ ನಡೆದುಕೊಳ್ಳುವುದು ಅವುಗಳ ತತ್ವ. ಸಡಿಲ ಜಲ್ಲಿಯ ಏರಿನಲ್ಲಿ ಹಿಂಗಾಲಿ ಜಾರುವುದು ಕಡಿಮೆ ಅನ್ನಿಸುತ್ತದೆ ಎಂಬ ಮಾತನ್ನು ನಾನು ಒಪ್ಪುತ್ತೇನೆ. ವೇಗ ಹೆಚ್ಚುತ್ತದೆ ಎಂಬುದನ್ನು ನನ್ನ ಕಾಲು ಇನ್ನೂ ಒಪ್ಪಿಲ್ಲ.

ಹಲ್ಲು ಹೆಚ್ಚಿಸುವವರು ಚಕ್ರಕ್ಕೂ ಫ್ರೇಮಿಗೂ ನಡುವೆ ಎಷ್ಟು ಜಾಗವಿದೆ ಎಂದು ಮೊದಲೇ ನೋಡಬೇಕು. ಹಿಂಗಾಲಿಗೆ ಹೋಗುವ ಕೊಳವೆಗೆ ಕೆಲವು ಮಿಮೀ ಅಂತರ ಉಳಿಯಲೇಬೇಕು. ಎರಡು ಹಲ್ಲು ಹೆಚ್ಚಿದರೆ ಚೈನಿಗೆ ಅರ್ಧ ಇಂಚು ಹೆಚ್ಚು ಬೇಕಾಗುತ್ತದೆ, ಮೊದಲೇ ಬಿಗಿಯಾಗಿದ್ದ ಚೈನಿಗೆ ಅದೇ ದೊಡ್ಡದು. ಮೂರು ಚಕ್ರದವರು ದೊಡ್ಡದನ್ನು ಚಿಕ್ಕದಕ್ಕೆ ಬದಲಿಸಿದರೆ ಮುಂದಿನ ಡಿರೈಲರನ್ನೂ ಇಳಿಸಿ, ಅದರ ಹೊರತಟ್ಟೆಗೂ ಹಲ್ಲಿಗೂ ನಡುವೆ 1ರಿಂದ 3 ಮಿಮೀ ಬಿಡಬೇಕು.

ಕೂರಿಸುವುದು ಸುಲಭದ ಕೆಲಸ. ದೊಡ್ಡ ಚಕ್ರದ ಹೊರಮೈಯಲ್ಲಿ ಒಂದು ಪುಟ್ಟ ಗೂಟ ಎದ್ದಿರುತ್ತದೆ. ಅದು ಕ್ರ್ಯಾಂಕಿನ ತೋಳಿನ ಹಿಂದೆ ಬರಬೇಕು, ಕಳಚಿದ ಚೈನು ಆ ಸಂದಿಗೆ ಬೀಳದಂತೆ ತಡೆಯುವ ಕಾವಲುಗಾರ ಅದು. ಮೂರರಿಂದ ಒಂದಕ್ಕೆ ಇಳಿದವರಿಗೆ ಗಿಡ್ಡ ಬೋಲ್ಟುಗಳು ಬೇಕು, ಹಳೆಯ ಉದ್ದದವು ಬಿಗಿದಂತೆ ಕಂಡರೂ ಚಕ್ರ ಅಲ್ಲಾಡುತ್ತಿರುತ್ತದೆ. ಬೋಲ್ಟಿನ ತಿರುಪುಗೀರುಗಳಿಗೆ ತುಸು ಗ್ರೀಸ್ ಸವರಿ, ಒಂದನ್ನು ಬಿಗಿದ ಮೇಲೆ ಪಕ್ಕದ್ದಕ್ಕೆ ಹೋಗದೆ ಎದುರಿನದಕ್ಕೆ ಹೋಗಿ, ಸ್ವಲ್ಪಸ್ವಲ್ಪವಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಅಲ್ಯೂಮಿನಿಯಂ ಬೋಲ್ಟಿನ ಮೇಲೆ ಪೌರುಷ ತೋರಿಸಬೇಡಿ, ತಲೆ ಕಿತ್ತು ಕೈಗೆ ಬರುತ್ತದೆ. ಮೊದಲ ಸವಾರಿಯಿಂದ ಬಂದ ಮೇಲೆ ಇನ್ನೊಮ್ಮೆ ಕೀಲಿ ಹಾಕಿ ನೋಡಿ. ಏರಿನಲ್ಲಿ ಪ್ರತಿ ತುಳಿತಕ್ಕೂ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ ಒಂದು ಬೋಲ್ಟು ಒಣಗಿದೆ, ಇಲ್ಲವೇ ಸಡಿಲಾಗಿದೆ. ನನ್ನದರಲ್ಲಿ ಆ ಸದ್ದಿಗೆ ಕಾರಣವನ್ನು ಎರಡು ವಾರ ಹುಡುಕಿ, ಕೊನೆಗೆ ಅದು ಬಲಗಾಲಿನ ಬೂಟಿನದು ಎಂದು ತಿಳಿಯಿತು.